ಬೇಕನ್ ಕರಿಯುವಾಗ ಗುಳ್ಳೆ ನೋಡಿ

ಅಡುಗೆ ಕಲಿಯುತ್ತಿರುವ ನಮ್ಮಲ್ಲಿ ಹೆಚ್ಚಿನವರಿಗೆ ಹಂದಿಮಾಂಸ ಹೊಸತಲ್ಲ. ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲಿ ಹಬ್ಬ ಬಂತೆಂದರೆ ಬಫಾತ್ ಎಂಬ ಮಸಾಲೆ ಪುಡಿ ಹಾಕಿ ಬೇಯಿಸಿದ ಪೋರ್ಕ್, ಪಕ್ಕದಲ್ಲಿ ಇಡ್ಲಿಯಂಥ ಸನ್ನಾ. ಆದರೆ ಕೋಲ್ಡ್ ಸ್ಟೋರೇಜ್ ಅಂಗಡಿಯಿಂದ ತಂದ ಬೇಕನ್, ಅಂದರೆ ಉಪ್ಪು ಹಿಡಿಸಿದ ಹಂದಿಮಾಂಸದ ಪಟ್ಟಿ, ಬೇರೆಯೇ ಪದಾರ್ಥ. ಬಫಾತಿನ ಮಾಂಸ ಹಸಿಯಾಗಿ ಬಂದು ನಮ್ಮ ಪಾತ್ರೆಯಲ್ಲಿ ಉಪ್ಪು ಕುಡಿಯುತ್ತದೆ. ಬೇಕನ್ ಉಪ್ಪು, ಸಕ್ಕರೆ, ಮಾಂಸ ಕೆಡದಂತೆ ಹಾಕುವ ನೈಟ್ರೈಟ್ ಎಂಬ ಲವಣ ಎಲ್ಲ ಕುಡಿದು, ಸಾಮಾನ್ಯವಾಗಿ ಹೊಗೆಯನ್ನೂ ಹಿಡಿದು ಬಂದಿರುತ್ತದೆ. ಅದನ್ನು ತುಂಬು ಎಣ್ಣೆಯಲ್ಲಿ ಕರಿಯಲು ಹೊರಟವರು ಮೊದಲು ತಿಳಿಯಬೇಕಾದ ವಿಷಯ ಒಂದೇ: ಕರಿಯುವುದೆಂದರೆ ನೀರನ್ನು ಹೊರಹಾಕುವ ಕೆಲಸ. ಆ ನೀರು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು ಗಡಿಯಾರಕ್ಕಿಂತ ಚೆನ್ನಾಗಿ ಎಣ್ಣೆಯ ಗುಳ್ಳೆಗಳು ಹೇಳುತ್ತವೆ.

ನೂರು ಗ್ರಾಂ ಹಸಿ ಬೇಕನ್‌ನಲ್ಲಿ ಸುಮಾರು 40 ಗ್ರಾಂ ನೀರು, ಹೆಚ್ಚುಕಡಿಮೆ ಅಷ್ಟೇ ಕೊಬ್ಬು, 12–13 ಗ್ರಾಂ ಪ್ರೋಟೀನ್ ಇರುತ್ತದೆ. ಕರಿದು ತೆಗೆದಾಗ ಕೈಗೆ ಸಿಗುವುದು ಮೂರರಲ್ಲೊಂದು ಪಾಲು ತೂಕ. ಉಳಿದದ್ದರಲ್ಲಿ ನೀರು ಆವಿಯಾಗಿ ಹೋಗಿರುತ್ತದೆ, ಕೊಬ್ಬು ಕರಗಿ ಎಣ್ಣೆಗೆ ಸೇರಿರುತ್ತದೆ. ಅಗ್ಗದ ಬೇಕನ್‌ಗೆ ಸೂಜಿಯಿಂದ ಉಪ್ಪುನೀರು ಚುಚ್ಚಿರುವುದೂ ಉಂಟು. ಅಂಥದ್ದು ಎಣ್ಣೆಯಲ್ಲಿ ಹೆಚ್ಚು ಸಿಡಿಯುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದರೆ ಅದಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಜಾಗ ಬೇಕು. ಎಣ್ಣೆ ಸಿಡಿಯುವುದಕ್ಕೂ, ನೊರೆ ಉಕ್ಕುವುದಕ್ಕೂ ಕಾರಣ ಇದೇ.

ತರುವಾಗ ಹೊಟ್ಟೆಯ ಭಾಗದ, ಕೆಂಪು ಬಿಳಿ ಪಟ್ಟೆ ಇರುವ ಬೇಕನ್ ಆರಿಸಿ. ಬೆನ್ನಿನ ಭಾಗದ್ದರಲ್ಲಿ ಕೊಬ್ಬು ಕಡಿಮೆ, ಕರಿದರೆ ಅಗಿಯಲಾಗದಷ್ಟು ಗಟ್ಟಿಯಾಗುತ್ತದೆ. ಜೇನು ಅಥವಾ ಮೇಪಲ್ ಹಾಕಿದ ಸಿಹಿ ಬೇಕನ್ ತವಕ್ಕೆ ಸರಿ, ಬಾಣಲೆಗೆ ಬೇಡ. ಮಾಂಸ ಗರಿಯಾಗುವ ಮೊದಲೇ ಸಕ್ಕರೆ ಕರಟಿ ಕಹಿಯಾಗುತ್ತದೆ. ಫ್ರೀಜರ್‌ನಲ್ಲಿದ್ದದ್ದನ್ನು ಹಿಂದಿನ ರಾತ್ರಿಯೇ ಫ್ರಿಡ್ಜಿನ ಕೆಳಗಿನ ಹಲಗೆಗೆ ಇಳಿಸಿಡಿ. ಐಸ್ ಅಂಟಿಕೊಂಡ ತುಂಡು ಎಣ್ಣೆಗೆ ಬೀಳಲೇಬಾರದು. ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ, ಹಳೆಯ ಹತ್ತಿಬಟ್ಟೆಯಲ್ಲೋ ಟಿಶ್ಯೂ ಕಾಗದದಲ್ಲೋ ಎರಡೂ ಬದಿ ಒತ್ತಿ ಒರೆಸಿ. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ, ಅರ್ಧ ಸಿಡಿತ ಅಲ್ಲೇ ತಪ್ಪುತ್ತದೆ.

ಎಣ್ಣೆಯ ವಿಚಾರದಲ್ಲಿ ಕರಾವಳಿಯವರಾದ ನಮಗೆ ಕೈ ಹೋಗುವುದೇ ತೆಂಗಿನೆಣ್ಣೆಗೆ. ಮಿಲ್ಲಿನಿಂದ ತಂದ, ಘಮಘಮಿಸುವ ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೇ ಹೊಗೆಯಾಡತೊಡಗುತ್ತದೆ. ನಮಗೆ ಬೇಕಾದದ್ದು 170ರಿಂದ 180 ಡಿಗ್ರಿ. ಹಾಗಾಗಿ ಅದು ಇಲ್ಲಿಗೆ ಹೊಂದುವುದಿಲ್ಲ, ಅದರ ಪರಿಮಳವೂ ಬೇಕನ್ನಿನ ಹೊಗೆವಾಸನೆಯ ಜೊತೆ ಜಗಳಕ್ಕೆ ನಿಲ್ಲುತ್ತದೆ. ರಿಫೈನ್ಡ್ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ 220 ಡಿಗ್ರಿ ದಾಟಿದ ಮೇಲಷ್ಟೇ ಹೊಗೆ ಬಿಡುವುದು, ಅದನ್ನೇ ಬಳಸಿ. ಆಳವಾದ, ದಪ್ಪ ತಳದ ಬಾಣಲೆ ಬೇಕು. ಎಣ್ಣೆ ಅದರ ಮೂರನೇ ಒಂದು ಭಾಗ ಮೀರಬಾರದು, ಬೇಕನ್ ಬಿದ್ದ ಕೂಡಲೇ ನೊರೆ ಸರ್ರನೆ ಮೇಲೇರುತ್ತದೆ.

ಒಮ್ಮೆಗೆ ಎಷ್ಟು ಹಾಕಬಹುದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಇದನ್ನು ಅರ್ಥ ಮಾಡಿಕೊಂಡರೆ ಬರೀ ಬೇಕನ್ ಅಲ್ಲ, ಎಲ್ಲ ಕರಿದ ತಿಂಡಿಗೂ ಉಪಯೋಗವಿದೆ. ಬಾಣಲೆಯಲ್ಲಿ 750 ಮಿಲಿಲೀಟರ್ ಎಣ್ಣೆ ಇದೆ ಎನ್ನೋಣ, ತೂಕ ಸುಮಾರು 690 ಗ್ರಾಂ. ಅಷ್ಟು ಎಣ್ಣೆಯ ಬಿಸಿ ಒಂದು ಡಿಗ್ರಿ ಏರಿಸಲು ಸುಮಾರು 1.4 ಕಿಲೋಜೂಲ್ ಸಾಕು. ಅದೇ ನೂರು ಗ್ರಾಂ ಬೇಕನ್‌ನಿಂದ 30 ಗ್ರಾಂ ನೀರನ್ನು ಆವಿ ಮಾಡಲು 68 ಕಿಲೋಜೂಲ್ ಬೇಕು. ಅಂದರೆ ಕೆಳಗೆ ಉರಿಯೇ ಇಲ್ಲದಿದ್ದರೆ ಎಣ್ಣೆ 49 ಡಿಗ್ರಿಯಷ್ಟು ತಣಿದುಬಿಡುತ್ತದೆ. ಗ್ಯಾಸಿನ ಉರಿ ಒಂದಷ್ಟು ತುಂಬಿಕೊಡುತ್ತದೆ ನಿಜ, ಆದರೆ ಇಡೀ ಪ್ಯಾಕೆಟ್ ಸುರಿದರೆ ಯಾವ ಒಲೆಯೂ ಸಾಲುವುದಿಲ್ಲ. ಆಗ ಬೇಕನ್ ಕರಿಯುವುದಿಲ್ಲ, ಎಣ್ಣೆಯಲ್ಲಿ ಬೇಯುತ್ತದೆ. ನಾಲ್ಕೈದು ಪಟ್ಟಿ ಸಾಕು. ಅದು ತೆಗೆದ ಮೇಲೆ ಎಣ್ಣೆ ಮತ್ತೆ ಕಾಯಲು ಬಿಟ್ಟು ಮುಂದಿನದು.

ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗೋಳಿಬಜೆಗೆ ಹಿಟ್ಟಿನ ಚೂರು ಬಿಟ್ಟು ನೋಡುವ ಹಾಗೆ ಬೇಕನ್ನಿನದೇ ಒಂದು ತುಣುಕು ಬಿಟ್ಟು ನೋಡಿ. ತಳಕ್ಕೆ ಹೋಗಿ, ಗುಳ್ಳೆ ಸುತ್ತಿಕೊಂಡು ಕೂಡಲೇ ಮೇಲೆ ಬಂದರೆ ಎಣ್ಣೆ ಸಿದ್ಧ.

ನಾಲ್ಕು ಹಂತ

ಪಟ್ಟಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು, ನಿಮ್ಮಿಂದ ಆಚೆಗೆ ವಾಲುವಂತೆ ನಿಧಾನ ಇಳಿಸಿ. ಮೊದಲ ಕೆಲವು ಸೆಕೆಂಡು ಮಾಂಸ ಬಿಸಿಯಾಗುತ್ತದೆ ಅಷ್ಟೇ, ಹೆಚ್ಚೇನೂ ಕಾಣುವುದಿಲ್ಲ. ಮೇಲ್ಮೈ 100 ಡಿಗ್ರಿ ಮುಟ್ಟಿದ್ದೇ ತಡ, ಎರಡನೇ ಹಂತ: ದೊಡ್ಡ ದೊಡ್ಡ ಗುಳ್ಳೆಗಳು, ಜೋರು ಸದ್ದು, ಪಟ್ಟಿ ಕಣ್ಣಿಗೇ ಕಾಣದಷ್ಟು ನೊರೆ. ಈಗಲೇ ಅದು ಮುದುಡಿ ತಿರುಚಿಕೊಳ್ಳುವುದು. 60–70 ಡಿಗ್ರಿ ದಾಟುವಾಗ ಕೆಂಪು ಭಾಗವನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನ್ ಕುಗ್ಗುತ್ತದೆ, ಪಕ್ಕದ ಕೊಬ್ಬು ಅದರಷ್ಟು ಕುಗ್ಗುವುದಿಲ್ಲ, ಎರಡೂ ಎಳೆದಾಡಿ ಪಟ್ಟಿ ಸುರುಳಿಯಾಗುತ್ತದೆ. ಚಪ್ಪಟೆ ಬೇಕನ್ನೇ ಬೇಕೆಂದರೆ ತವದ ಮೇಲೆ ಭಾರ ಇಟ್ಟು ಮಾಡಬೇಕು. ಬಾಣಲೆಯಲ್ಲಿ ಸುರುಳಿ ಬರುವುದೇ ಸಹಜ. ಈ ಹಂತದಲ್ಲಿ ಹೊರಗೆ ನುಗ್ಗುವ ಆವಿ ಎಣ್ಣೆಯನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಉರಿ ತಗ್ಗಿಸಬೇಡಿ.

ಮೂರನೆಯದು ಎಲ್ಲಕ್ಕಿಂತ ಉದ್ದದ ಹಂತ, ಕಣ್ಣು ಕದಲಿಸಬಾರದ ಹಂತ. ಗುಳ್ಳೆ ಸಣ್ಣದಾಗುತ್ತ ಬರುತ್ತದೆ, ನೊರೆ ಹರಿದು ಅಲ್ಲಲ್ಲಿ ಎಣ್ಣೆ ಕಾಣುತ್ತದೆ, ಜೋರು ಸದ್ದು ಇಳಿದು ತೆಳುವಾದ ಚಿಟಿಚಿಟಿ ಉಳಿಯುತ್ತದೆ. ಹಾಲಿನಂತೆ ಬಿಳಿಯಿದ್ದ ಕೊಬ್ಬು ಮೊದಲು ಗಾಜಿನಂತೆ ಪಾರದರ್ಶಕವಾಗಿ, ಆಮೇಲೆ ಅಂಚಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ. ನೀರು ಹೋದ ಮೇಲ್ಮೈ ನೂರು ಡಿಗ್ರಿ ಮೀರಿ 140ರ ಆಸುಪಾಸು ತಲುಪುವುದರಿಂದ ಬಣ್ಣ, ಪರಿಮಳ ಹುಟ್ಟುವುದು ಈಗಲೇ. ನಾಲ್ಕನೇ ಹಂತದಲ್ಲಿ ಗುಳ್ಳೆ ಪೂರಾ ನಿಲ್ಲುತ್ತದೆ. ಬೇಕನ್ ಅಲ್ಲಿಯವರೆಗೆ ಉಳಿಯಬಾರದು. ಕೊಬ್ಬು ಹೊಂಬಣ್ಣವಾಗಿ, ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಏಳುತ್ತಿರುವಾಗಲೇ ತೆಗೆಯಿರಿ. ತೆಳು ಪಟ್ಟಿಗೆ ಇದೆಲ್ಲ ಎರಡು ಮೂರು ನಿಮಿಷದ ಕೆಲಸ. ತೆಗೆದಾಗ ಸ್ವಲ್ಪ ಬಳುಕಿದರೆ ಚಿಂತೆ ಬೇಡ, ಆರಿದ ಮೇಲೆ ಗರಿಯಾಗುತ್ತದೆ.

ಕೆಂಪು ಬಣ್ಣ ನೋಡಿ ಬೆಂದಿಲ್ಲ ಎಂದುಕೊಳ್ಳಬೇಡಿ. ನೈಟ್ರೈಟ್ ಮಾಂಸಕ್ಕೆ ಕೆಂಪು ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಜೊತೆ ಸೇರಿ, ಬೆಂದರೂ ಹೋಗದ ಗುಲಾಬಿ ಬಣ್ಣ ಕೊಡುತ್ತದೆ.

ತೆಗೆದ ಮೇಲೆ

ಎಣ್ಣೆ ಮಾಂಸಕ್ಕೆ ಇಳಿಯುವುದು ಹೆಚ್ಚಾಗಿ ಬಾಣಲೆಯಿಂದ ತೆಗೆದ ಮೇಲೆಯೇ. ಆರುವಾಗ ಒಳಗಿನ ಆವಿ ಮತ್ತೆ ನೀರಾಗಿ, ಅಲ್ಲಿ ಒತ್ತಡ ಇಳಿದು, ಮೇಲೆ ಅಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಚೆನ್ನಾಗಿ ಕೊಡವಿ, ಕಂಬಿಯ ಸ್ಟ್ಯಾಂಡಿನ ಮೇಲೆ ಬಿಡಿಬಿಡಿಯಾಗಿ ಹರಡಿ. ತಟ್ಟೆಯಲ್ಲಿ ರಾಶಿ ಹಾಕಿದರೆ ಕೆಳಗಿನದು ತನ್ನ ಆವಿಯಲ್ಲೇ ಮೆತ್ತಗಾಗುತ್ತದೆ. ಉಪ್ಪು ಬೇಡವೇ ಬೇಡ. ಖಾರ ಬೇಕಾದವರು ಒಂದು ಚಿಟಿಕೆ ಬಫಾತ್ ಪುಡಿ ಈಗ ಉದುರಿಸಬಹುದು, ತುಂಬ ರುಚಿ. ಎಣ್ಣೆಗೆ ಹಾಕಿದರೆ ಮಾತ್ರ ಪುಡಿ ಕರಟುತ್ತದೆ. ಜೂನ್, ಜುಲೈ ಮಳೆಯಲ್ಲಿ ನಮ್ಮೂರಿನ ಗಾಳಿಗೆ ಗರಿ ಹೆಚ್ಚು ಹೊತ್ತು ನಿಲ್ಲದು, ತಿನ್ನುವವರು ಕುಳಿತ ಮೇಲೆ ಕರಿಯುವುದೇ ಸರಿ.

ಆರೋಗ್ಯದ ವಿಷಯ ಬಿಟ್ಟು ಈ ಟಿಪ್ಪಣಿ ಪೂರ್ತಿಯಾಗುವುದಿಲ್ಲ. ನೈಟ್ರೈಟ್ ಇರುವುದು ಬೊಟುಲಿನಂ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು. ಆದರೆ ಹೆಚ್ಚು ಬಿಸಿಯಲ್ಲಿ ಅದು ಪ್ರೋಟೀನಿನ ಅಂಶಗಳ ಜೊತೆ ಸೇರಿ, ಕ್ಯಾನ್ಸರ್ ತರಬಲ್ಲ ನೈಟ್ರೋಸಮೈನ್‌ಗಳಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಸಾಕಷ್ಟು ಪುರಾವೆ ಇರುವವುಗಳ ಗುಂಪಿಗೆ, ಸೇರಿಸಿತು. ಅಪರೂಪಕ್ಕೆ, ಸ್ವಲ್ಪವೇ ತಿನ್ನಿ. ಕಪ್ಪಾಗುವವರೆಗೆ ಕರಿಯಬೇಡಿ. ಕಿಟಕಿ ತೆರೆದಿಡಿ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಬಾಣಲೆ ಎತ್ತಿಕೊಂಡು ಓಡಲೂಬಾರದು. ಗ್ಯಾಸ್ ಆರಿಸಿ, ಬಾಣಲೆಗೆ ಸರಿಯಾಗಿ ಕೂರುವ ಸ್ಟೀಲ್ ಮುಚ್ಚಳ ಜಾರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆರೆಯಬೇಡಿ. ಆ ಮುಚ್ಚಳ ಒಲೆ ಹಚ್ಚುವ ಮೊದಲೇ ಕೈಗೆಟುಕುವಲ್ಲಿ ಇರಬೇಕು.

ಹಿಟ್ಟಿನಲ್ಲಿ ಅದ್ದಿ ಕರಿಯುವ ರೀತಿಯೂ ಇದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಇದನ್ನು ಚಿಕನ್ ಫ್ರೈಡ್ ಬೇಕನ್ ಎನ್ನುತ್ತಾರೆ. ಹೆಸರಿನಲ್ಲಿ ಕೋಳಿ ಇದ್ದರೂ ಒಳಗಿರುವುದು ಬೇಕನ್ನೇ, ಮೇಲೆ ಮೈದಾ ಮೊಟ್ಟೆಯ ಹೊದಿಕೆ. ಇಲ್ಲಿ ಹಸಿ ಬೇಕನ್ ಅದ್ದಿದರೆ ಕರಗಿದ ಕೊಬ್ಬು ಹೊದಿಕೆಯನ್ನು ಕಳಚಿಬಿಡುತ್ತದೆ, ಒಳಗಿನ ನೀರು ಅದನ್ನು ಮೆತ್ತಗೂ ಮಾಡುತ್ತದೆ. ತವದಲ್ಲಿ ಅರ್ಧ ಕಾಯಿಸಿ, ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ ಆಮೇಲೆ ಅದ್ದಿ. ಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು ಸೇರಿದರೆ ಗರಿ ಚೆನ್ನಾಗಿ ನಿಲ್ಲುತ್ತದೆ.

ಉಳಿದ ಎಣ್ಣೆಯಲ್ಲಿ ಹಂದಿಕೊಬ್ಬು, ಉಪ್ಪು, ಸುಟ್ಟ ಚೂರುಗಳು ಸೇರಿರುವುದರಿಂದ ಅದು ಬೇಗ ಕೆಡುತ್ತದೆ. ಹೋಟೆಲುಗಳ ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಕಾದು ಕೆಡುವಾಗ ಹೆಚ್ಚುವ ಅಂಶಗಳು) ಶೇ. 25 ಮೀರಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನ ಇರುವುದಿಲ್ಲ, ಆದ್ದರಿಂದ ಬೇಕನ್ ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸದಿರುವುದೇ ಮೇಲು. ತಣಿದ ಮೇಲೆ ಬಾಟ್ಲಿಗೆ ತುಂಬಿಡಿ, ಸಿಂಕಿಗೆ ಸುರಿಯಬೇಡಿ. ಅದರಲ್ಲಿರುವ ಕೊಬ್ಬು ಪೈಪಿನೊಳಗೆ ಹೆಪ್ಪುಗಟ್ಟುತ್ತದೆ. ಹಂದಿ ತಿನ್ನದ ನೆಂಟರು, ಸ್ನೇಹಿತರು ಮನೆಗೆ ಬರುವುದಿದ್ದರೆ ಬಾಟ್ಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಸೌಟು ಬಾಣಲೆಗಳನ್ನೂ ಬೇರೆಯೇ ಇಟ್ಟುಕೊಳ್ಳಿ.