ಓದುಗರ ಪ್ರಶ್ನೆ: ಫಿರಂಗಿ ಬಂದ ಮೇಲೂ ಬೊನಾಗಿಲ್ ಕೋಟೆ ಕಟ್ಟಿದ್ದೇಕೆ?

ಪ್ರಶ್ನೆ: ಫ್ರಾನ್ಸಿನ ಬೊನಾಗಿಲ್ ಕೋಟೆಯ ಬಹುಭಾಗ ಎದ್ದದ್ದು 1500ರ ಆಸುಪಾಸಿನಲ್ಲಿ ಎನ್ನುತ್ತಾರೆ. ಆ ಹೊತ್ತಿಗೆ ಫಿರಂಗಿಗಳು ಕಲ್ಲಿನ ಗೋಡೆಗಳನ್ನು ಉರುಳಿಸುತ್ತಿದ್ದವಲ್ಲ? ಗೊತ್ತಿದ್ದೂ ಹಣ ಸುರಿದದ್ದು ಮೂರ್ಖತನವಲ್ಲವೇ?

ಬೊನಾಗಿಲ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಮೂರ್ಖತನ ಎಂದು ನಾನು ಒಪ್ಪುವುದಿಲ್ಲ. ಕಟ್ಟಿಸಿದವನಿಗೆ ಫಿರಂಗಿಯ ಅರಿವು ಚೆನ್ನಾಗಿಯೇ ಇತ್ತು. ಗೋಡೆಗಳೇ ಅದನ್ನು ಹೇಳುತ್ತವೆ.

ಕೋಟೆ ಇರುವುದು ನೈಋತ್ಯ ಫ್ರಾನ್ಸಿನಲ್ಲಿ, ಫ್ಯುಮೆಲ್ ಪಟ್ಟಣದ ಬಳಿ, ಕಾಡು ಕವಿದ ಕಣಿವೆಯ ಮೇಲೆ ಮೂಗಿನಂತೆ ಚಾಚಿದ ಬಂಡೆಯ ಮೇಲೆ. 13ನೇ ಶತಮಾನದಲ್ಲಿ ಅಲ್ಲಿದ್ದದ್ದು ಒಂದು ಸಾಧಾರಣ ಕೋಟೆ. ಈಗ ಕಾಣುವ ಭವ್ಯ ರೂಪ ಬೆರಾಂಜೆ ದ ರೊಕ್‌ಫೇಯ್ ಎಂಬ ಜಹಗೀರುದಾರನದು. ಹುಟ್ಟಿದ್ದು 1448ರಲ್ಲಿ, ತೀರಿಕೊಂಡದ್ದು 1530ರಲ್ಲಿ. ಅವನು ಐದು ವರ್ಷದ ಮಗುವಾಗಿದ್ದಾಗ, 1453ರಲ್ಲಿ, ಕಾಸ್ತಿಯೋಂ ಕಾಳಗದಲ್ಲಿ ಫ್ರೆಂಚ್ ಫಿರಂಗಿಗಳು ಇಂಗ್ಲಿಷ್ ಸೇನೆಯನ್ನು ಧೂಳೀಪಟ ಮಾಡಿ ನೂರು ವರ್ಷಗಳ ಯುದ್ಧಕ್ಕೆ ತೆರೆ ಎಳೆದಿದ್ದವು. ಅದೇ ವರ್ಷ ಕಾನ್‌ಸ್ಟಾಂಟಿನೋಪಲ್ ಬಿದ್ದದ್ದೂ ತುರ್ಕರ ತೋಪುಗಳ ಹೊಡೆತಕ್ಕೆ. ಇಂಥ ಸುದ್ದಿಗಳ ನಡುವೆ ಬೆಳೆದವನಿಗೆ ಗೋಡೆಯನ್ನು ಬರೀ ಎತ್ತರಿಸಿದರೆ ಸಾಲದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಂದಕಕ್ಕಿಳಿದು ಗೋಡೆಯ ಬುಡ ನೋಡಿ. ಗುಂಡು ಹಾರಿಸುವ ಕಿಂಡಿಗಳು ಎಲ್ಲೋ ಮೇಲಿಲ್ಲ, ನೆಲಮಟ್ಟಕ್ಕೆ ಹತ್ತಿರದಲ್ಲಿವೆ. ಮೇಲಿನಿಂದ ಹಾರಿಸಿದ ಗುಂಡು ಒಂದೆಡೆ ಬಿದ್ದು ಮಣ್ಣಲ್ಲಿ ಹುದುಗುತ್ತದೆ. ತಗ್ಗಿನಿಂದ ಅಡ್ಡಲಾಗಿ ಹಾರಿಸಿದರೆ ಕಂದಕದುದ್ದಕ್ಕೂ ಗುಡಿಸಿಕೊಂಡು ಹೋಗುತ್ತದೆ. ಒಂದು ಬುರುಜಿನ ಕಿಂಡಿ ಪಕ್ಕದ ಬುರುಜಿನ ಬುಡವನ್ನು ಕಾಯುವಂತೆ ಇಡೀ ಕೋಟೆಯನ್ನು ಹೆಣೆದಿದ್ದಾರೆ. ನಡುಗೋಪುರಕ್ಕೆ ಹಡಗಿನ ಮೂತಿಯ ಆಕಾರ. ಗುಡ್ಡದ ಕಡೆಗೆ, ಅಂದರೆ ವೈರಿ ತೋಪು ನಿಲ್ಲಿಸಬಹುದಾದ ಏಕೈಕ ದಿಕ್ಕಿಗೆ, ಅದು ತನ್ನ ಚೂಪು ತುದಿಯನ್ನು ಮಾತ್ರ ಒಡ್ಡುತ್ತದೆ. ನೇರವಾಗಿ ಬಡಿಯಲು ಅಗಲವಾದ ಗೋಡೆಯೇ ಸಿಗುವುದಿಲ್ಲ. ಅದೇ ದಿಕ್ಕಿನಲ್ಲಿ ಬಂಡೆಯನ್ನು ಕಡಿದು ಕಂದಕ ಮಾಡಿ, ಅದರಾಚೆ ಮುಂಗೋಟೆಯೊಂದನ್ನು ಎಬ್ಬಿಸಿದ್ದಾರೆ. ಅದನ್ನು ಗೆದ್ದವರೂ ಎತ್ತುಸೇತುವೆಯ ಮುಂದೆ ಮತ್ತೆ ಬರಿಗೈಯಲ್ಲಿ ನಿಲ್ಲಬೇಕು.

ಹಾಗಾದರೆ ಸುಮಾರು 35 ಮೀಟರ್ ಎತ್ತರದ ಆ ದುಂಡು ಬುರುಜು ಏಕೆ? ಯುದ್ಧದ ದೃಷ್ಟಿಯಿಂದ ಅದು ಹಿಂದಿನ ಕಾಲದ್ದೇ. ಇಟಲಿಯಲ್ಲಿ ಆಗಲೇ ತಗ್ಗಾದ, ಮಣ್ಣು ತುಂಬಿದ, ಕೋನಾಕಾರದ ಕೊತ್ತಲಗಳು ಬರತೊಡಗಿದ್ದವು. ಆದರೆ ಜಹಗೀರುದಾರನ ಬುರುಜಿಗೆ ಇನ್ನೊಂದು ಕೆಲಸವೂ ಇತ್ತು: ಕಣಿವೆಯ ರೈತರಿಗೂ ನೆರೆಯ ಒಡೆಯರಿಗೂ ದಿನ ಬೆಳಗಾದರೆ ಕಾಣಿಸಿಕೊಳ್ಳುವುದು. ತನ್ನ ಪ್ರಜೆಗಳಾಗಲಿ, ಇಂಗ್ಲಿಷರಾಗಲಿ, ಸ್ವತಃ ಫ್ರಾನ್ಸಿನ ದೊರೆಯ ಸೈನಿಕರಾಗಲಿ ಗೆಲ್ಲಲಾಗದ ಕೋಟೆ ಕಟ್ಟುತ್ತೇನೆಂದು ಬೆರಾಂಜೆ ಆಣೆ ಇಟ್ಟಿದ್ದ ಎಂಬ ಐತಿಹ್ಯವಿದೆ. ಅವನು ಹಾಗೆ ಅಂದನೋ ಇಲ್ಲವೋ, ಆ ಪಟ್ಟಿಯಲ್ಲಿ ಪ್ರಜೆಗಳ ಹೆಸರು ಮೊದಲು ಬರುವುದು ನನಗೆ ಅರ್ಥಪೂರ್ಣವೆನಿಸುತ್ತದೆ.

ಅವನು ತಪ್ಪಿದ್ದು ಶಿಲ್ಪದಲ್ಲಲ್ಲ, ಕಾಲದ ಅಂದಾಜಿನಲ್ಲಿ. ದೊರೆಯ ಆಡಳಿತ ಬಲಗೊಂಡಂತೆ ಸಿರಿವಂತರಿಗೆ ಕೋಟೆ ಬೇಡವಾಗಿ ಅರಮನೆ ಬೇಕಾಯಿತು. ಅವನ ಮುಪ್ಪಿನಲ್ಲೇ ಲೋಆರ್ ನದಿಯ ಸೀಮೆಯಲ್ಲಿ ಶೆನೋನ್ಸೋ, ಆಜೆ-ಲ-ರಿದೋ, ಶಾಂಬೋರ್ ತಲೆ ಎತ್ತುತ್ತಿದ್ದವು. ಅಲ್ಲಿ ಅಗಲವಾದ ಕಿಟಕಿಗಳು ಬಂದದ್ದು ಬೆಳಕಿಗಾಗಿ, ಬಂದೂಕಿಗಾಗಿ ಅಲ್ಲ.

ಕೊನೆಗೆ ಬೊನಾಗಿಲ್‌ನ ಸೂರು ಕಳಚಿ ಬುರುಜುಗಳ ತಲೆ ಕತ್ತರಿಸಿದ್ದು ಯಾವ ಮುತ್ತಿಗೆಯೂ ಅಲ್ಲ, ಫ್ರೆಂಚ್ ಕ್ರಾಂತಿ. ಜಹಗೀರುದಾರಿಕೆಯ ಗುರುತುಗಳನ್ನು ಅಳಿಸುವ ಹುಮ್ಮಸ್ಸಿನಲ್ಲಿ ಆದ ಕೆಲಸ ಅದು. 1860ರಲ್ಲಿ ಫ್ಯುಮೆಲ್ ಪಟ್ಟಣವೇ ಪಾಳುಕೋಟೆಯನ್ನು ಕೊಂಡುಕೊಂಡಿತು. ಹೋಗುವವರಿಗೆ ಒಂದು ಮಾತು: ಎಲ್ಲರಂತೆ ಮೊದಲು ಬುರುಜು ಹತ್ತಬೇಡಿ. ಕಂದಕದಲ್ಲಿ ಒಂದು ಸುತ್ತು ಹಾಕಿ, ಎಷ್ಟು ಕಿಂಡಿಗಳು ನಿಮ್ಮತ್ತ ತಿರುಗಿವೆ ಎಂದು ಎಣಿಸಿ, ಆಮೇಲೆ ಒಳಗೆ ಹೋಗಿ.