18 ದಿನಕ್ಕೆ ಚೆನ್ನಾಗಿ ಬಂತು ಸಾರ್!

ಹೋದ ವಾರ ಮತ್ತೆ ಅದೇ ಕಥೆ. ಮಲ್ಲೇಶ್ವರದ ಮನೇಲಿ ಬೆಳಿಗ್ಗೆ ಡಿಕಾಕ್ಷನ್ ಇನ್ನೂ ಇಳೀತಾ ಇತ್ತು, ಸ್ಟೂಡೆಂಟ್ ಒಬ್ಬ ಫೋನ್ ಮಾಡ್ದ. "ಸಾರ್, ಐಸ್‌ಕ್ಯೂಬಿನ ಪಬ್ಲಿಕ್ ಡೇಟಾದಲ್ಲಿ ಒಂದು ಬ್ಲೇಜಾರ್ ಕಡೆಯಿಂದ ನ್ಯೂಟ್ರಿನೋ ಗುಂಪಾಗಿ ಬಂದಿವೆ, ಸೋರ್ಸ್ ಸಿಕ್ತು!" (ನ್ಯೂಟ್ರಿನೋ ಅಂದ್ರೆ ಯಾವುದಕ್ಕೂ ಸಿಗದೆ ತೂರಿ ಹೋಗೋ ಪುಟ್ಟ ಕಣ, ಐಸ್‌ಕ್ಯೂಬ್ ಅದನ್ನ ಹಿಡಿಯೋ ದಕ್ಷಿಣ ಧ್ರುವದ ಡಿಟೆಕ್ಟರ್, ಬ್ಲೇಜಾರ್ ಅಂದ್ರೆ ನಮ್ಮ ಕಡೆಗೇ ಜೆಟ್ ಬಿಡೋ ಕಪ್ಪುಕುಳಿ ಇರೋ ದೂರದ ಗ್ಯಾಲಕ್ಸಿ.) ಎಷ್ಟು ದಿನದ ವಿಂಡೋ ಹಾಕ್ದೆ, ಅಂದ್ರೆ ಎಷ್ಟು ದಿನದೊಳಗೆ ಬಂದಿದ್ದನ್ನ ಒಂದು ಗುಂಪು ಅಂತ ಎಣಿಸ್ದೆ ಅಂದೆ. "ಒಂದು ದಿನ ಹಾಕ್ದೆ, ಏನೂ ಇಲ್ಲ, ಒಂದು ವಾರ ಹಾಕ್ದೆ, ಆಮೇಲೆ 18 ದಿನಕ್ಕೆ ಚೆನ್ನಾಗಿ ಬಂತು ಸಾರ್!"

ಚೆನ್ನಾಗಿ ಬಂತಂತೆ.

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧ ಇರ್ಬೇಕಿಲ್ಲ ಅಂತ ಎಲ್ರಿಗೂ ಗೊತ್ತು. ನಾನು ಕೇಳೋದು ಬೇರೆ, ಎಷ್ಟು ಕಾಗೆ, ಎಷ್ಟು ಕೊಂಬೆ ನೋಡ್ದೆ ಮಾರಾಯ? ಒಂದು ವಿಂಡೋದಲ್ಲಿ ಸುಮ್ನೆ ಆಕಸ್ಮಿಕವಾಗಿ ಹೊಂದೋ ಚಾನ್ಸ್ ನೂರಕ್ಕೆ 1 ಅಂತಿಟ್ಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ 50 ವಿಂಡೋ ನೋಡಿದ್ರೆ ಎಲ್ಲಾದ್ರೂ ಒಂದ್ಕಡೆ ಹೊಂದೋ ಚಾನ್ಸ್ ಹತ್ತಿರಹತ್ತಿರ ನೂರಕ್ಕೆ 40! ಸಿಕ್ಕಿದ್ದೊಂದನ್ನ ತೋರಿಸಿ ಉಳಿದ 49 ಬಗ್ಗೆ ಬಾಯಿ ಬಿಡದಿದ್ರೆ ನಂಗೇನು ಗೊತ್ತಾಗ್ಬೇಕು?

2017ರ ಸೆಪ್ಟೆಂಬರ್ 22ರ ಕೇಸ್ ನೋಡಿ. ದಕ್ಷಿಣ ಧ್ರುವದ ಐಸ್ ಒಳಗೆ ಸುಮಾರು 290 ಟೆರಾ ಎಲೆಕ್ಟ್ರಾನ್ ವೋಲ್ಟ್‌ದು ಒಂದೇ ಒಂದು ಭಾರೀ ಶಕ್ತಿಯ ನ್ಯೂಟ್ರಿನೋ ಸಿಕ್ತು, ಒಂದು ನಿಮಿಷದೊಳಗೆ ಅಲರ್ಟ್ ಹೋಯ್ತು, ಅದೇ ದಿಕ್ಕಲ್ಲಿ ಟಿಎಕ್ಸ್‌ಎಸ್ 0506+056 ಅನ್ನೋ ಬ್ಲೇಜಾರ್ ಗಾಮಾ ಕಿರಣದಲ್ಲಿ ಜೋರಾಗಿ ಉರೀತಾ ಇದೆ ಅಂತ ಫರ್ಮಿ ಉಪಗ್ರಹದವ್ರು ಹೇಳಿದ್ರು. ಲೆಕ್ಕ 4.1 ಸಿಗ್ಮಾ (ಈ ನಂಬರ್ ದೊಡ್ಡದಾದಷ್ಟೂ ಸುಮ್ನೆ ಆಕಸ್ಮಿಕವಾಗಿ ಹೊಂದೋ ಚಾನ್ಸ್ ಕಮ್ಮಿ). ಆದ್ರೆ ಅದಕ್ಕೆ ಮುಂಚೆ ಬಂದಿದ್ದ 10 ಅಲರ್ಟು, ಹಳೇ ಡೇಟಾದ ಅಂಥವೇ 41, ಎಲ್ಲ ಸೇರಿಸಿ ಎಣಿಸಿದ್ರು, 3ಕ್ಕೆ ಇಳೀತು. ಯಾರೂ ಅಳ್ಲಿಲ್ಲ. ಆಮೇಲೆ ಹಳೇ ಡೇಟಾ ಕೆದಕಿದ್ರೆ 2014–15ರಲ್ಲಿ ಅದೇ ಜಾಗದಿಂದ ನಾಲ್ಕೈದು ತಿಂಗಳಲ್ಲಿ ನಿರೀಕ್ಷೆಗಿಂತ ಸುಮಾರು 13 ನ್ಯೂಟ್ರಿನೋ ಜಾಸ್ತಿ, 3.5 ಸಿಗ್ಮಾ, ತಮಾಷೆ ಅಂದ್ರೆ ಆಗ ಗಾಮಾದಲ್ಲಿ ಫ್ಲೇರೇ (ಆ ಜೋರು ಉರಿಯೇ) ಇಲ್ಲ. ನನ್ನ ಪ್ರಕಾರ ಒಳ್ಳೇ ಕ್ಯಾಂಡಿಡೇಟು, ಅದಕ್ಕಿಂತ ಹೆಚ್ಗೆ ನಾನು ಸೈನ್ ಹಾಕಲ್ಲ.

ಅಂದಹಾಗೆ ಇಲ್ಲೇ ಕೋಲಾರದ ಚಿನ್ನದ ಗಣಿ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ (ಕಾಸ್ಮಿಕ್ ಕಿರಣ ಬಡಿದು ನಮ್ಮ ಗಾಳಿಯಲ್ಲೇ ಹುಟ್ಟೋವು) ಬೆರಳೆಣಿಕೆಯಷ್ಟು ಸಿಕ್ಕಿದ್ದಕ್ಕೇ ಜಗತ್ತು ತಿರುಗಿ ನೋಡಿತ್ತು, ಈಗ ಅದೇ ನಮಗೆ ಕಸ, ಬ್ಲೇಜಾರ್ ಥರದ ದೂರದ ಸೋರ್ಸಿಂದ ಬಂದ ಒಂದನ್ನ ಆ ರಾಶಿಯಲ್ಲಿ ಹುಡುಕ್ಬೇಕು. ಇದು ಹುಡುಗನಿಗೆ ಗೊತ್ತೇ ಇರ್ಲಿಲ್ಲ.

ಮೊದ್ಲು ವಿಂಡೋ ನೋಟ್‌ಬುಕ್ಕಲ್ಲಿ ಬರೆದಿಡು, ಆಮೇಲೆ ಡೇಟಾ ತೆಗಿ ಅಂದೆ. "ಈಗಾಗ್ಲೇ ನೋಡ್ಬಿಟ್ನಲ್ಲ ಸಾರ್." ಪಾಪ. ಹಂಗಾದ್ರೆ ನ್ಯೂಟ್ರಿನೋ ಬಂದ ಟೈಮೆಲ್ಲ ಕಲಸ್ಬಿಟ್ಟು, ಬರೀ ಆಕಸ್ಮಿಕ ಮಾತ್ರ ಉಳಿಯೋ ಹಂಗೆ ಮಾಡಿ, ನೀನು ಟ್ರೈ ಮಾಡಿದ ಅಷ್ಟೂ ವಿಂಡೋ ಸಮೇತ ಸಾವಿರ ಸಲ ಓಡ್ಸು, ಎಷ್ಟು ಸಲ ಇಷ್ಟೇ "ಚೆನ್ನಾಗಿ" ಬರುತ್ತೆ ಎಣಿಸು ಅಂದೆ. ನಿನ್ನೆ ಮೆಸೇಜ್ ಮಾಡಿದ್ದ, 212 ಸಲ ಅಂತೆ.