ಪಿ.ಬಿ. ರೋಡ್: ಹೆದ್ದಾರಿ ಅಗಲವಾದರೂ ಸಾವು ಯಾಕೆ ನಿಲ್ಲಲಿಲ್ಲ?

ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ. ಈ ಎಲ್ಲ ಊರಲ್ಲೂ ಒಂದು ಪಿ.ಬಿ. ರೋಡ್ ಇದೆ. ಪುಣೆ-ಬೆಂಗಳೂರು ರಸ್ತೆ. ಒಂದು ಕಾಲಕ್ಕೆ ಮುಂಬೈ ಕಡೆಯಿಂದ ಬಂದ ಲಾರಿ ಈ ಊರುಗಳ ಸಂತೆ, ಬಸ್‌ಸ್ಟ್ಯಾಂಡು, ಹೋಟೆಲುಗಳ ಮುಂದೆಯೇ ಹಾದು ಬೆಂಗಳೂರು ಸೇರುತ್ತಿತ್ತು. ಆಮೇಲೆ ಬೈಪಾಸ್‌ಗಳು ಬಂದವು. ಹೆದ್ದಾರಿ ಊರಾಚೆ ಹೋಯಿತು, ಹೆಸರು ಮಾತ್ರ ಊರೊಳಗೆ ಉಳಿಯಿತು. ರಾಷ್ಟ್ರೀಯ ಹೆದ್ದಾರಿ 4 ಆಗಿದ್ದದ್ದು 2010ರ ಹೊಸ ಲೆಕ್ಕದಲ್ಲಿ 48 ಆಯಿತು. ಹಳಬರ ಬಾಯಲ್ಲಿ ಈಗಲೂ ಅದು ಎನ್‌ಎಚ್ ಫೋರೇ.

ಶಂಕರ್‌ನಾಗ್ ತೀರಿಕೊಂಡದ್ದು ಇದೇ ರಸ್ತೆಯಲ್ಲಿ. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು. ಅವರಿಗಿನ್ನೂ 36 ತುಂಬಿರಲಿಲ್ಲ. ಆಗ ಇಡೀ ದಾರಿ ಎರಡೇ ಪಥದ್ದು. ನಡುವೆ ಡಿವೈಡರ್ ಇಲ್ಲ. ಎದುರಿನ ಬಸ್ಸು, ಹಿಂದಿನ ಲಾರಿ, ಪಕ್ಕದ ಎತ್ತಿನಗಾಡಿ ಎಲ್ಲಕ್ಕೂ ಒಂದೇ ಡಾಂಬರು. ಅಂಥ ರಸ್ತೆಯಲ್ಲಿ ಮುಂದೆ ಹೋಗಬೇಕು ಅಂದರೆ ಎದುರು ಬರುವವರ ಜಾಗಕ್ಕೇ ನುಗ್ಗಬೇಕು, ಬೇರೆ ದಾರಿಯೇ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಮುಂದೆ ಒಂದು ಉದ್ದನೆಯ ಲಾರಿ 60 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ. ನಿಮ್ಮ ಕಾರು 80ರಲ್ಲಿದೆ. ಲಾರಿಯ ಹಿಂದಿನಿಂದ ಹೊರಟು, ಅದನ್ನು ದಾಟಿ, ಮತ್ತೆ ಎಡಕ್ಕೆ ಬರುವ ಹೊತ್ತಿಗೆ ಹತ್ತಿರ ಹತ್ತಿರ 9 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 200 ಮೀಟರ್ ಓಡಿರುತ್ತೀರಿ. ಎದುರಿನವನೂ 80ರಲ್ಲಿದ್ದರೆ ಅವನೂ 200 ಮೀಟರ್ ಓಡಿರುತ್ತಾನೆ. ಅಂದರೆ ಶುರುವಿನಲ್ಲೇ ಕನಿಷ್ಠ 400 ಮೀಟರ್ ಖಾಲಿ ರಸ್ತೆ ಕಾಣಬೇಕು. ತಿರುವಿನಲ್ಲಿ, ಏರಿನಲ್ಲಿ, ಮುಂಜಾನೆಯ ಮಂಜಿನಲ್ಲಿ 400 ಮೀಟರ್ ಎಲ್ಲಿ ಕಾಣುತ್ತೆ? ಡ್ರೈವರುಗಳು ಇದನ್ನು ಅಂದಾಜಿನಲ್ಲೇ ತೂಗುತ್ತಾರೆ. ದಿನಕ್ಕೆ ನೂರು ಸಲ ಸರಿಹೋಗುತ್ತೆ.

ಸುವರ್ಣ ಚತುಷ್ಪಥ ಯೋಜನೆ ಬಂದ ಮೇಲೆ ಈ ಹೆದ್ದಾರಿ ನಾಲ್ಕು ಪಥವಾಯಿತು. ಆದರೆ ಒಂದು ತುಂಡು ಹಾಗೇ ಉಳಿಯಿತು. ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರವರೆಗಿನ ಬೈಪಾಸ್, ಸುಮಾರು 30 ಕಿಲೋಮೀಟರ್. ಅದನ್ನು ಅದಾಗಲೇ ಖಾಸಗಿ ಕಂಪನಿಯೊಂದು ಕಟ್ಟಿ, ಟೋಲ್ ವಸೂಲಿ ಮಾಡುತ್ತಿತ್ತು. ಒಪ್ಪಂದ ವರ್ಷಗಟ್ಟಲೆ ಇತ್ತು. ಹಾಗಾಗಿ ಆ ಕಡೆ ಈ ಕಡೆ ರಸ್ತೆ ಅಗಲವಾದರೂ ನಡುವಿನ ಈ ತುಂಡು ಎರಡೇ ಪಥ. ಬೆಂಗಳೂರಿನಿಂದ ನೂರಾರು ಕಿಲೋಮೀಟರ್ ಡಿವೈಡರ್ ಪಕ್ಕ ಆರಾಮಾಗಿ ಓಡಿಸಿಕೊಂಡು ಬಂದವನಿಗೆ ಗಬ್ಬೂರು ದಾಟಿದ ಕೂಡಲೇ ಎದುರಿನಿಂದ ವಾಹನ ಬರಲು ಶುರುವಾಗುತ್ತಿತ್ತು. ರಸ್ತೆ ಬದಲಾಗುತ್ತಿತ್ತು, ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಮೊದಲಿನ ಹಾಗೇ ಇರುತ್ತಿತ್ತು.

2021ರ ಜನವರಿ 15, ಸಂಕ್ರಾಂತಿಯ ಮರುದಿನ ಬೆಳಗ್ಗೆ, ಇದೇ ಬೈಪಾಸಿನ ಇಟಿಗಟ್ಟಿ ಹತ್ತಿರ ಟೆಂಪೋ ಟ್ರಾವೆಲರ್ ಮತ್ತು ಟಿಪ್ಪರ್ ಮುಖಾಮುಖಿ ಡಿಕ್ಕಿಯಾದವು. ಟಿಟಿಯಲ್ಲಿದ್ದವರು ದಾವಣಗೆರೆಯ ಹೆಂಗಸರು, ಶಾಲಾ ದಿನಗಳ ಗೆಳತಿಯರು, ಗೋವಾಕ್ಕೆ ಹೊರಟಿದ್ದರು. ಹತ್ತಕ್ಕೂ ಹೆಚ್ಚು ಜನ ಹೋದರು. ಮನೆಯವರು ಅತ್ತು ಸುಮ್ಮನಾಗಲಿಲ್ಲ. ಇದೇ ಬೈಪಾಸಿಗೆ ಬಂದು ಪ್ರತಿಭಟನೆ ಮಾಡಿದರು, ರಸ್ತೆ ಅಗಲ ಮಾಡಿ ಎಂದು ಪಟ್ಟು ಹಿಡಿದರು. ಆಮೇಲೆ ಆರು ಪಥದ ಯೋಜನೆ ವೇಗ ಪಡೆಯಿತು. ಅದು ಕಾಗದದಿಂದ ನೆಲಕ್ಕೆ ಇಳಿಯುವಷ್ಟರಲ್ಲಿ, 2022ರ ಮೇ ತಿಂಗಳಲ್ಲಿ, ತಾರಿಹಾಳದ ಹತ್ತಿರ ಕೊಲ್ಹಾಪುರದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಲಾರಿಗೆ ಎದುರಾಗಿ ಗುದ್ದಿ ಮತ್ತಷ್ಟು ಜನ ಸತ್ತರು.

ಇಂಥ ಪ್ರತಿ ಅಪಘಾತದ ನಂತರ ಠಾಣೆಯಲ್ಲಿ ಬರೆಯುವುದು ಒಂದೇ ಸಾಲು: ಅತಿವೇಗ ಮತ್ತು ಅಜಾಗರೂಕತೆ. ಮೊದಲು ಐಪಿಸಿ 279, 304ಎ. 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 281, 106. ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ದೇಶದಲ್ಲಿ ಆ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 70ಕ್ಕಿಂತ ಜಾಸ್ತಿ ಸಾವಿಗೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ. ವೇಗ ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ದೇಶದ ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು ಶೇ. 2. ಸಾವಿನಲ್ಲಿ ಅವುಗಳ ಪಾಲು ಶೇ. 36. ಅಜಾಗರೂಕ ಡ್ರೈವರುಗಳೆಲ್ಲ ಹೆದ್ದಾರಿಯಲ್ಲೇ ಇದ್ದಾರಾ? ಹಾಗೇನಿಲ್ಲ ಅಲ್ವಾ. ಕೇಸಿನಲ್ಲಿ ಡ್ರೈವರ್ ಆರೋಪಿ, ರಸ್ತೆ ಬರೀ ಘಟನಾ ಸ್ಥಳ. ನನ್ನ ತಕರಾರು ಅಲ್ಲೇ.

ಹಾಗಂತ ಅಗಲ ಮಾಡಿದರೆ ಮುಗಿಯಿತಾ? ಇದೇ ಹೆದ್ದಾರಿಯ ಅಗಲವಾದ ಭಾಗವನ್ನೇ ನೋಡಿ. 2024ರ ಜೂನ್ 28ರ ನಸುಕಿನಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ತಮ್ಮೂರಿಗೆ ಮರಳುತ್ತಿದ್ದವರ ಟಿಟಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. 13 ಜನ ಸತ್ತರು.

ನಿಂತ ಲಾರಿ ನಮ್ಮ ಹೆದ್ದಾರಿಗಳ ದೊಡ್ಡ ಕಾಯಿಲೆ. ಟೈರ್ ಸಿಡಿದರೆ, ನಿದ್ದೆ ಬಂದರೆ, ಢಾಬಾ ಕಂಡರೆ ಎಡಗಡೆ ನಿಲ್ಲಿಸುವುದು. ಬೇರೆಲ್ಲಿ ನಿಲ್ಲಿಸಬೇಕು? ಲಾರಿ ನಿಲ್ಲಲು ಕಟ್ಟಿದ ಜಾಗ ಎಷ್ಟೋ ಕಡೆ ಇಲ್ಲವೇ ಇಲ್ಲ. ಹಿಂದಿನ ದೀಪ ಕೆಟ್ಟಿರುತ್ತದೆ, ರಿಫ್ಲೆಕ್ಟರ್ ಪಟ್ಟಿಯ ಮೇಲೆ ಕೆಸರು. ಕ್ಲೀನರ್ ಪಕ್ಕದ ಗಿಡದಿಂದ ಸೊಪ್ಪಿನ ಟೊಂಗೆ ಮುರಿದು ಹಿಂದೆ ಇಡುತ್ತಾನೆ, ನಾಲ್ಕು ಕಲ್ಲು ಜೋಡಿಸುತ್ತಾನೆ. ಲಾರಿ ಹೋದ ಮೇಲೂ ಆ ಕಲ್ಲು ಅಲ್ಲೇ ಇರುತ್ತವೆ, ಬೈಕಿನವನಿಗೆ ಕಾದುಕೊಂಡು. 90ರ ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಡಿಮ್ ಲೈಟಿನ ಬೆಳಕಿಗೆ ಲಾರಿ ಸಿಗುವಾಗ ಉಳಿದಿರುವುದು ಎರಡು ಸೆಕೆಂಡ್ ಇದ್ದರೆ ಹೆಚ್ಚು. ಬ್ರೇಕ್ ಒತ್ತುವ ಮೊದಲೇ ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಕಾರಾದರೆ ಇನ್ನೂ ಕಷ್ಟ. ಬಾನೆಟ್ ಲಾರಿಯ ಕೆಳಗೆ ತೂರಿಕೊಳ್ಳುತ್ತದೆ, ಪೆಟ್ಟು ಬೀಳುವುದು ನೇರವಾಗಿ ಮುಂದಿನ ಗಾಜಿಗೆ, ಕೂತವರ ತಲೆಯ ಮಟ್ಟಕ್ಕೆ. ಏರ್‌ಬ್ಯಾಗ್ ಎಷ್ಟಿದ್ದರೇನು? ಹೀಗಾಗಬಾರದು ಅಂತಲೇ ಲಾರಿಯ ಹಿಂದೆ ತಗ್ಗಿನಲ್ಲಿ ಗಟ್ಟಿಯಾದ ಅಡ್ಡಪಟ್ಟಿ ಇರಬೇಕು. ಹಳೇ ಲಾರಿಗಳ ಹಿಂದೆ ಬಗ್ಗಿ ನೋಡಿ, ಎಷ್ಟರಲ್ಲಿ ಅದು ನೆಟ್ಟಗಿದೆ ಅಂತ.

ಡಿವೈಡರ್ ಇದ್ದರೂ ಅಷ್ಟೆ. 2024ರ ಡಿಸೆಂಬರ್ 21ರಂದು ನೆಲಮಂಗಲ ಬಳಿ, ಇದೇ ಹೆದ್ದಾರಿಯಲ್ಲಿ, ಕಂಟೇನರ್ ಲಾರಿಯೊಂದು ಮುಂದಿನ ವಾಹನ ತಪ್ಪಿಸಲು ಹೋಗಿ ಡಿವೈಡರ್ ಹತ್ತಿ, ಆ ಬದಿಗೆ ಹಾರಿ, ಎದುರಿನ ಕಾರಿನ ಮೇಲೆ ಮಗುಚಿತು. ಕಾರು ಸುರಕ್ಷತೆಗೇ ಹೆಸರಾದ ವೋಲ್ವೊ. ಒಂದೇ ಕುಟುಂಬದ ಆರು ಜನ ಹೋದರು. ಗಿಡ ನೆಡಲು ಎತ್ತರಿಸಿದ ಮಣ್ಣಿನ ಪಟ್ಟಿ ಬೇರೆ, ಭಾರದ ಲಾರಿಯನ್ನು ತಡೆದು ನಿಲ್ಲಿಸುವ ತಡೆಗೋಡೆ ಬೇರೆ.

ಬೆಂಗಳೂರು-ಮೈಸೂರು ಹೆದ್ದಾರಿ ಇಲ್ಲಿ ಒಂದು ಪಾಠ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ರಸ್ತೆ, ಆ ಒಂದೇ ವರ್ಷ ನೂರಕ್ಕೂ ಹೆಚ್ಚು ಸಾವು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಸರ್ವೀಸ್ ರಸ್ತೆಗೆ ಕಳಿಸಿದರು. ವೇಗ ಹಿಡಿಯುವ ಕ್ಯಾಮೆರಾ ಹಾಕಿ ದಂಡ ಹಾಕಿದರು. ಮರುವರ್ಷ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಡ್ರೈವರುಗಳು ಅವರೇ.

ಕಾನೂನಿನಲ್ಲೂ ಒಂದು ಬಾಗಿಲು ತೆರೆದಿದೆ. 2019ರ ಮೋಟಾರು ವಾಹನ ತಿದ್ದುಪಡಿಯ 198ಎ ಕಲಮು ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ನಿಯಮದಂತೆ ಇಲ್ಲದೆ ಜನ ಸತ್ತರೆ ಇಂಜಿನಿಯರಿಂಗ್ ಸಲಹೆಗಾರ, ಗುತ್ತಿಗೆದಾರ, ಸಂಬಂಧಪಟ್ಟ ಪ್ರಾಧಿಕಾರವನ್ನು ಹೊಣೆ ಮಾಡುತ್ತದೆ. ದಂಡ ಒಂದು ಲಕ್ಷ ರೂಪಾಯಿವರೆಗೆ. ಕಾಮಗಾರಿಗಳು ನೂರಾರು ಕೋಟಿಯವು, ಈ ಮೊತ್ತ ನೋಡಿದರೆ ನಗು ಬರುತ್ತದೆ. ಆದರೂ ಎಫ್‌ಐಆರ್‌ನಲ್ಲಿ ಡ್ರೈವರ್ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆಯಲು ಪೊಲೀಸರಿಗೆ ಅವಕಾಶವಂತೂ ಇದೆ.

ಗಬ್ಬೂರು-ನರೇಂದ್ರ ಬೈಪಾಸಿಗೆ ಆರು ಪಥ ಬಂದರೆ ಮುಖಾಮುಖಿ ಡಿಕ್ಕಿ ಬಹುಪಾಲು ತಪ್ಪಬಹುದು. ಆದರೆ ಬದಿಯ ಹಳ್ಳಿಯ ಟ್ರ್ಯಾಕ್ಟರ್ ಆಚೆಯ ಹೊಲಕ್ಕೆ ಹೋಗುವುದು ಎಲ್ಲಿಂದ? ಯೂ-ಟರ್ನ್ ಎರಡು ಕಿಲೋಮೀಟರ್ ದೂರ ಇಟ್ಟರೆ ಅವನು ರಾಂಗ್ ಸೈಡಿನಲ್ಲೇ ಬರುತ್ತಾನೆ, ಇಲ್ಲವೇ ಡಿವೈಡರ್ ಒಡೆದು ದಾರಿ ಮಾಡಿಕೊಳ್ಳುತ್ತಾನೆ. ಅಂಡರ್‌ಪಾಸ್ ಎಲ್ಲೆಲ್ಲಿ ಬೇಕು ಅಂತ ಆ ಹಳ್ಳಿಯವರನ್ನು ಕೇಳಬೇಕಾದ್ದು ಡಾಂಬರು ಹಾಕುವ ಮೊದಲು.